ಎಕ್ಸೆಲ್ ಕಡತಗಳಿಂದ ಸಿಆರ್‌ಎಂಗೆ: ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ ಏನು?

ಪ್ರಶ್ನೆ

ನಮ್ಮದು ಕಚೇರಿಗಳಿಗೆ ಪೀಠೋಪಕರಣ ಪೂರೈಸುವ ಸಣ್ಣ ಸಂಸ್ಥೆ. ಮಾರಾಟ ವಿಭಾಗದ ಪ್ರತಿಯೊಬ್ಬರೂ ಗ್ರಾಹಕರ ವಿವರಗಳನ್ನು ತಮ್ಮದೇ ಎಕ್ಸೆಲ್ ಕಡತದಲ್ಲಿ ಇಟ್ಟುಕೊಂಡಿರುವುದರಿಂದ, ಒಂದೇ ಕಂಪನಿಗೆ ಇಬ್ಬರು ಬೇರೆ ಬೇರೆ ದರದ ಕೊಟೇಶನ್ ಕಳುಹಿಸಿದ ಪ್ರಸಂಗವೂ ನಡೆದಿದೆ. ಹಾಗಾಗಿ ಸಿಆರ್‌ಎಂ (ಗ್ರಾಹಕರ ವಿವರ ಮತ್ತು ಅವರೊಂದಿಗಿನ ವ್ಯವಹಾರಗಳನ್ನು ಒಂದೇ ಕಡೆ ನಿರ್ವಹಿಸುವ) ತಂತ್ರಾಂಶ ಅಳವಡಿಸಲು ನಿರ್ಧರಿಸಿ, ಜೊಹೊ, ಹಬ್‌ಸ್ಪಾಟ್ ಮತ್ತು ಒಡೂಗಳನ್ನು ಪರಿಶೀಲಿಸುತ್ತಿದ್ದೇವೆ. ಯಾವುದನ್ನೇ ಆರಿಸಿಕೊಂಡರೂ, ಈಗಿರುವ ಕಡತಗಳನ್ನು ನೇರವಾಗಿ ಇಂಪೋರ್ಟ್ ಮಾಡಿ ಕೆಲಸ ಆರಂಭಿಸಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನೇರವಾಗಿ ಇಂಪೋರ್ಟ್ ಮಾಡಬೇಡಿ. ಒಬ್ಬರು ಕಂಪನಿಯ ಹೆಸರಿನ ಜೊತೆ ‘ಪ್ರೈವೇಟ್ ಲಿಮಿಟೆಡ್’ ಎಂದು ಪೂರ್ತಿ ಬರೆದಿರುತ್ತಾರೆ, ಇನ್ನೊಬ್ಬರು ಅದನ್ನು ಬಿಟ್ಟಿರುತ್ತಾರೆ. ಹೆಸರೊಂದನ್ನೇ ನೆಚ್ಚಿಕೊಂಡರೆ ಇಂತಹ ನಕಲು ದಾಖಲೆಗಳು ಸಿಕ್ಕುವುದಿಲ್ಲ. ಇಮೇಲ್ ವಿಳಾಸ ಅಥವಾ ಮೊಬೈಲ್ ಸಂಖ್ಯೆಯನ್ನು ಗುರುತಾಗಿ ಇಟ್ಟುಕೊಂಡು ಹೋಲಿಸಿ ನೋಡಿ.

ಸಂಖ್ಯೆಗಳ ವಿಷಯದಲ್ಲಿ ಎಕ್ಸೆಲ್ ಒಂದು ಕಿತಾಪತಿ ಮಾಡುತ್ತದೆ. ದೇಶದ ಕೋಡ್ ಸೇರಿದ 12 ಅಂಕಿಗಳ ಮೊಬೈಲ್ ಸಂಖ್ಯೆಯನ್ನು ಅದು ಘಾತಾಂಕ ರೂಪದಲ್ಲಿ (9.19E+11 ಎಂಬಂತೆ) ತೋರಿಸಬಹುದು, ಮತ್ತು ಅದೇ ಸ್ಥಿತಿಯಲ್ಲಿ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ ಕಡತ) ಆಗಿ ಉಳಿಸಿದರೆ ಪರದೆಯಲ್ಲಿ ಕಂಡದ್ದೇ ಕಡತಕ್ಕೆ ಇಳಿದು ಕೊನೆಯ ಅಂಕಿಗಳು ಕಳೆದುಹೋಗುತ್ತವೆ. ಸ್ಥಿರ ದೂರವಾಣಿ ಸಂಖ್ಯೆಯ ಮೊದಲ ಸೊನ್ನೆಗೂ ಇದೇ ಗತಿ. ಆದ್ದರಿಂದ ಸಂಖ್ಯೆಗಳನ್ನು ತುಂಬುವ ಮೊದಲೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಬದಲಾಯಿಸಿಕೊಳ್ಳಿ; ಈಗಾಗಲೇ ತುಂಬಿರುವ ಮೊಬೈಲ್ ಸಂಖ್ಯೆಗಳಿಗೆ ದಶಮಾಂಶವಿಲ್ಲದ ‘ನಂಬರ್’ ಮಾದರಿ ಕೊಡಿ. ಹೆಸರುಗಳು ಕನ್ನಡ ಲಿಪಿಯಲ್ಲಿದ್ದರೆ ಯುಟಿಎಫ್-8 (ಎಲ್ಲ ಲಿಪಿಗಳನ್ನೂ ಉಳಿಸಬಲ್ಲ ಅಕ್ಷರ ಸಂಕೇತ ಪದ್ಧತಿ) ಮಾದರಿಯ ಸಿಎಸ್‌ವಿಯಲ್ಲೇ ಉಳಿಸಬೇಕು. ಇಲ್ಲವಾದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬಂದು ಕೂರುತ್ತವೆ.

ಮೊದಲು ಕಂಪನಿಗಳು, ಅನಂತರ ಅಲ್ಲಿನ ಸಂಪರ್ಕ ವ್ಯಕ್ತಿಗಳು, ಕೊನೆಗೆ ನಡೆಯುತ್ತಿರುವ ವ್ಯವಹಾರಗಳು, ಈ ಕ್ರಮದಲ್ಲಿ ಇಂಪೋರ್ಟ್ ಮಾಡಿ. ಕಂಪನಿಯೇ ಇಲ್ಲದಿದ್ದರೆ ವ್ಯಕ್ತಿಯನ್ನು ಯಾವುದಕ್ಕೆ ಜೋಡಿಸುವುದು? ಹತ್ತಿಪ್ಪತ್ತು ದಾಖಲೆಗಳಿಂದ ಪ್ರಯೋಗ ಮಾಡಿ ನೋಡದೆ ಇಡೀ ಪಟ್ಟಿಗೆ ಕೈಹಾಕಬೇಡಿ.

ಉತ್ತರ 2

ಮೇಲಿನ ಸಲಹೆಗಳೆಲ್ಲ ಸರಿ. ಆದರೆ ದತ್ತಾಂಶ ಶುಚಿಗೊಳಿಸುವ ಮುನ್ನವೇ ನಿಮ್ಮ ಮಾರಾಟದ ಹಂತಗಳನ್ನು ಎಲ್ಲರೂ ಕುಳಿತು ನಿರ್ಧರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಯಾವ ವಿವರ ಬೇಕು, ಯಾವುದು ಬೇಡ ಎಂಬುದು ಆಗಲೇ ತಿಳಿಯುತ್ತದೆ. ‘ಗ್ರಾಹಕರಿಗೆ ಆಸಕ್ತಿ ಇದೆ’ ಎಂಬುದನ್ನು ಹಂತವೆಂದು ಇಟ್ಟರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ‘ಅಳತೆ ತೆಗೆದುಕೊಳ್ಳಲಾಗಿದೆ’, ‘ಕೊಟೇಶನ್ ಕಳುಹಿಸಲಾಗಿದೆ’, ‘ಖರೀದಿ ಆದೇಶ ಬಂದಿದೆ’ ಎಂಬಂಥವು ನಡೆದಿವೆಯೋ ಇಲ್ಲವೋ ಎಂಬುದರಲ್ಲಿ ವಾದಕ್ಕೆ ಆಸ್ಪದವಿಲ್ಲ.

ಕಡ್ಡಾಯವಾಗಿ ತುಂಬಬೇಕಾದ ವಿವರಗಳನ್ನೂ ಆದಷ್ಟು ಕಡಿಮೆ ಇಡಿ. ವ್ಯವಸ್ಥಾಪಕರಿಗೆ ಇಪ್ಪತ್ತು ಬಗೆಯ ಮಾಹಿತಿ ಬೇಕೆನಿಸುವುದು ಸಹಜವಾದರೂ, ಗ್ರಾಹಕರ ಬಾಗಿಲಲ್ಲಿ ನಿಂತು ಮೊಬೈಲ್‌ನಲ್ಲಿ ತುಂಬುವವರು ಬರೀ ಒಂದು ಚುಕ್ಕಿ ಒತ್ತಿ ಮುಂದೆ ಹೋಗಿಬಿಡುತ್ತಾರೆ. ವ್ಯವಹಾರ ಕೈತಪ್ಪಿದ್ದಕ್ಕೆ ಕಾರಣವನ್ನು ಮಾತ್ರ ಕಡ್ಡಾಯ ಮಾಡಿ, ಅದನ್ನೂ ಆಯ್ಕೆಯ ಪಟ್ಟಿಯಾಗಿ ಕೊಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಬ್ಬರ ಗ್ರಾಹಕರು ಇನ್ನೊಬ್ಬರಿಗೆ ಕಾಣಿಸಬಾರದೆಂದು ನಮ್ಮ ಮಾರಾಟ ಸಿಬ್ಬಂದಿ ಪಟ್ಟು ಹಿಡಿದಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ 3

ತಂತ್ರಾಂಶದಲ್ಲಿ ಅದಕ್ಕೆ ಅವಕಾಶವಿರುತ್ತದೆ, ಆದರೆ ಪೂರ್ತಿ ಮರೆಮಾಡಿದರೆ ಎರಡು ಕೊಟೇಶನ್ ಹೋಗುವ ಸಮಸ್ಯೆ ಹಾಗೇ ಉಳಿಯುತ್ತದೆ. ಕಂಪನಿಯ ಹೆಸರು ಮತ್ತು ಅದನ್ನು ನೋಡಿಕೊಳ್ಳುತ್ತಿರುವವರು ಯಾರು ಎಂಬುದು ಎಲ್ಲರಿಗೂ ಕಾಣಲಿ. ದರ ಮತ್ತು ಮಾತುಕತೆಯ ವಿವರಗಳು ಆಯಾ ಸಿಬ್ಬಂದಿಗೂ ಅವರ ಮೇಲಧಿಕಾರಿಗೂ ಮಾತ್ರ ಕಾಣಲಿ. ಅವರ ನಿಜವಾದ ಆತಂಕ ಗ್ರಾಹಕರನ್ನು ಸಹೋದ್ಯೋಗಿಗಳು ಸೆಳೆದುಕೊಂಡಾರು ಎಂಬುದೇ ಆಗಿದ್ದರೆ, ದಾಖಲೆಯ ಹೊಣೆಗಾರರನ್ನು ಬದಲಾಯಿಸುವ ಅಧಿಕಾರವನ್ನು ಮೇಲಧಿಕಾರಿಗೆ ಮಾತ್ರ ಕೊಟ್ಟರೆ ಸಾಕಾಗುತ್ತದೆ. ಇಡೀ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡುವ ಅನುಮತಿಯೂ ಅವರ ಬಳಿಯೇ ಇರಲಿ. ಹಳೆಯ ಎಕ್ಸೆಲ್ ಕಡತಗಳನ್ನು ಒಂದು ದಿನಾಂಕ ಗೊತ್ತುಮಾಡಿ, ಅಂದಿನಿಂದ ಓದಲು ಮಾತ್ರ ಬರುವಂತೆ ಬೀಗ ಹಾಕಿಬಿಡಿ.