ನೆರಳು ಹೋದ ಏಲಕ್ಕಿ ಎಲೆ ಬಿಳಿಚುವುದೇಕೆ?

ಪ್ರಶ್ನೆ (ಬೆಳೆಗಾರ, ತೀರ್ಥಹಳ್ಳಿ ಕಡೆ):
ಕಳೆದ ಮಳೆಗಾಲದಲ್ಲಿ ತೋಟದಂಚಿನ ಹಲಸಿನ ಮರ ಉರುಳಿತು. ಮಳೆ ಬಿಟ್ಟು ಬಿಸಿಲು ಬಿದ್ದ ಮೇಲೆ, ಅದರ ನೆರಳಿನಲ್ಲಿದ್ದ ಏಲಕ್ಕಿಯ ಎಲೆಗಳು ಮೊದಲು ಬಿಳಿಚಿಕೊಂಡು, ಆಮೇಲೆ ಸುಟ್ಟ ಕಾಗದದಂತೆ ಕಂದಾದವು. ಬಿ.ಎಸ್ಸಿ. ಓದುತ್ತಿರುವ ಮಗಳು, ಎಲೆಯ ಕೋಶಗಳಲ್ಲಿ ಆಹಾರ ತಯಾರಿಸುವ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನೊಳಗೆ ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳಿವೆ ಎನ್ನುತ್ತಾಳೆ. ಈ ಹಾನಿ ಅವುಗಳದೇ ಕೆಲಸವೇ?

ಉತ್ತರ (ಸಸ್ಯಶಾಸ್ತ್ರ ಅಧ್ಯಾಪಕಿ, ಸಾಗರ):
ಅಲ್ಲ, ಆ ಕಿಣ್ವಗಳು ರಿಪೇರಿಯವರು. ಬೆಳಕು ಹೀರುವ ಫೋಟೋಸಿಸ್ಟಮ್ ೨ರ ನಡುವೆ ಡಿ೧ ಎಂಬ ಪ್ರೋಟೀನ್ ಇದೆ. ಬೆಳಕು ಬಿದ್ದಾಗಲೆಲ್ಲ ಅದು ಅಲ್ಪಸ್ವಲ್ಪ ಕೆಡುತ್ತಲೇ ಇರುತ್ತದೆ; ಪ್ರಖರ ಬಿಸಿಲಿನಲ್ಲಿ ಕೆಡುವ ವೇಗ ಹೆಚ್ಚು. ಕೆಟ್ಟ ಡಿ೧ಅನ್ನು, ಆರು ಘಟಕಗಳು ಉಂಗುರದಂತೆ ಕೂಡಿದ ಎಫ್‌ಟಿಎಸ್‌ಎಚ್ ಎಂಬ ಪ್ರೋಟಿಯೇಸ್, ಕೋಶದ ಇಂಧನವಾದ ಎಟಿಪಿಯ ಶಕ್ತಿಯಿಂದ, ಕ್ಲೋರೋಪ್ಲಾಸ್ಟಿನ ಒಳಗಿನ ಥೈಲಕಾಯ್ಡ್ ಪೊರೆಯಿಂದ ಎಳೆದು ತುಂಡರಿಸುತ್ತದೆ. ಡೆಗ್ ಎಂಬ, ಎಟಿಪಿ ಬೇಡದ ಪ್ರೋಟಿಯೇಸುಗಳು ಅದಕ್ಕೆ ನೆರವಾಗುತ್ತವೆ. ಹಳೆಯದು ತೆರವಾದ ಜಾಗಕ್ಕೆ ಹೊಸ ಡಿ೧ ಬಂದು ಕೂರುತ್ತದೆ. ನೆರಳಿಗೆ ಒಗ್ಗಿದ ಎಲೆಯಲ್ಲಿ ಕೆಡುವ ವೇಗವನ್ನು ಈ ರಿಪೇರಿ ಹಿಂಬಾಲಿಸಲಾರದು. ಬಳಕೆಯಾಗದ ಬೆಳಕಿನಿಂದ ಹುಟ್ಟಿದ ಆಕ್ರಮಣಕಾರಿ ಆಮ್ಲಜನಕ ಪತ್ರಹರಿತ್ತನ್ನೂ ಕೆಡಿಸುತ್ತದೆ; ನಿಮಗೆ ಕಂಡ ಬಿಳುಪು ಅದೇ.

ಉತ್ತರ (ಸಂಶೋಧನಾ ವಿದ್ಯಾರ್ಥಿ, ಶಿವಮೊಗ್ಗ):
ಒಂದು ಮಾತು ಸೇರಿಸುತ್ತೇನೆ. ಸಾಸಿವೆಯ ನಂಟಾದ ಅರಾಬಿಡಾಪ್ಸಿಸ್ ಗಿಡದಲ್ಲಿ ಎಫ್‌ಟಿಎಸ್‌ಎಚ್‌ನ ಒಂದು ಜೀನ್ ಕೆಟ್ಟರೆ, ಎಲೆಯ ಮೇಲೆ ಹಸಿರು-ಬಿಳಿ ಮಚ್ಚೆಗಳು ಮೂಡುತ್ತವೆ. ಅಂದರೆ ಆ ಕಿಣ್ವ ಇಲ್ಲದಿದ್ದರೇ ಎಲೆ ಬಿಳಿಯಾಗುವುದು. ಕ್ಲೋರೋಪ್ಲಾಸ್ಟಿನೊಳಗೇ, ಥೈಲಕಾಯ್ಡ್ ಪೊರೆಯ ಹೊರಗಿನ ದ್ರವಭಾಗದಲ್ಲಿ ಕ್ಲಿಪ್ ಎಂಬ, ಪೀಪಾಯಿಯಾಕಾರದ ಮತ್ತೊಂದು ಪ್ರೋಟಿಯೇಸ್ ಕೆಲಸ ಮಾಡುತ್ತದೆ.

ಬೆಳೆಗಾರ:
ಹಾಗಾದರೆ ಅಡಿಕೆ ಮರದ ಕೆಳಗಿನ ಸೋಗೆ ಹಳದಿಯಾಗಿ ಉದುರುವುದೂ ಇದೇ ಕಾರಣಕ್ಕೋ? ಸುಳಿ ಹಸಿರಾಗಿಯೇ ಇರುತ್ತದಲ್ಲ.

ಅಧ್ಯಾಪಕಿ:
ಅದು ಬೇರೆ ಲೆಕ್ಕ. ವಯಸ್ಸಾದ ಎಲೆ ತನ್ನ ಸಾರಜನಕವನ್ನು ಹೊಸ ಎಲೆ-ಹಿಂಗಾರಗಳಿಗೆ ಒಪ್ಪಿಸಿ ಹೊರಡುತ್ತದೆ. ಎಲೆಯ ಸಾರಜನಕದ ಬಹುಪಾಲು ಇರುವುದು ಕ್ಲೋರೋಪ್ಲಾಸ್ಟಿನಲ್ಲಿ, ಅದರಲ್ಲೂ ರುಬಿಸ್ಕೋ ಎಂಬ ಪ್ರೋಟೀನಿನಲ್ಲಿ. ರುಬಿಸ್ಕೋದ ಒಂದು ಪಾಲು ಸಣ್ಣ ಚೀಲಗಳಲ್ಲಿ ಕೋಶದ ರಸಕುಹರಕ್ಕೆ ಸಾಗಿ ಅಲ್ಲಿ ಕರಗುತ್ತದೆ. ಬಿಡುಗಡೆಯಾದ ಅಮೈನೋ ಆಮ್ಲಗಳು ಮೇಲಕ್ಕೆ ಹೋಗುತ್ತವೆ. ಆದರೆ ಕೆಳಸೋಗೆ ಒಂದೊಂದಾಗಿ ಹಣ್ಣಾಗುವುದು ಸಹಜ. ಹಲವು ಸೋಗೆಗಳ ಗರಿತುದಿ ಒಟ್ಟಿಗೇ ಹಳದಿಯಾದರೆ ಅದು ಹಳದಿ ಎಲೆ ರೋಗವೂ ಇರಬಹುದು, ಆಗ ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ. ಏಲಕ್ಕಿಗೆ ಸದ್ಯ ಸೋಗೆಯ ಚಪ್ಪರವೇ ಸಾಕು.