ಒಂದೇ ಕಾಡಲ್ಲಿ ಸಾವಿರ ಜಾತಿ ಮರ ಹೇಗೆ?

ಕಾಡುದಾರಿ: ಬೋರ್ನಿಯೋದ ಲಂಬಿರ್ ಕಾಡಲ್ಲಿ 52 ಹೆಕ್ಟೇರಿಗೆ ಹೆಚ್ಚುಕಮ್ಮಿ 1200 ಜಾತಿ ಮರ ಎಣಿಸಿದಾರೆ, ಪನಾಮಾದ ಬಾರೋ ಕೊಲೊರಾಡೋ ದ್ವೀಪದಲ್ಲಿ 50 ಹೆಕ್ಟೇರಿಗೆ ಸುಮಾರು 300 ಅಷ್ಟೇ. ಎರಡೂ ತಗ್ಗುಪ್ರದೇಶದ ಮಳೆಕಾಡೇ ಅಲ್ವಾ, ಯಾಕಿಷ್ಟು ವ್ಯತ್ಯಾಸ? ಗೊತ್ತಿರೋರು ಹೇಳಿ.

ಮಲೆಸೀಮೆ: ಒಟ್ಟು ಮಳೆಗಿಂತ ಅದು ವರ್ಷವಿಡೀ ಹೇಗೆ ಬೀಳುತ್ತೆ ಅನ್ನೋದು ಮುಖ್ಯ ಸಾರ್. ಪನಾಮಾದಲ್ಲಿ ಸುಮಾರು 4 ತಿಂಗಳು ಒಣಹವೆ, ಎಳೆ ಸಸಿಗಳು ನೀರಿಲ್ದೆ ಬಾಡಿಹೋಗ್ತವೆ, ತಡ್ಕೊಳೋ ಜಾತಿ ಮಾತ್ರ ಉಳಿಯುತ್ತೆ, ಲಂಬಿರಲ್ಲಿ ಅಂಥ ಬೇಸಿಗೆನೇ ಇಲ್ಲ, ಜೊತೆಗೆ ಮರಳುಮಣ್ಣು ಜೇಡಿಮಣ್ಣು ಪಕ್ಕಪಕ್ಕದಲ್ಲೇ ಇದ್ದು ಒಂದೊಂದಕ್ಕೆ ಒಂದೊಂದು ಜಾತಿ ಒಗ್ಗಿಕೊಂಡಿದೆ. ನಮ್ಮ ಪಶ್ಚಿಮಘಟ್ಟದಲ್ಲೂ ಕೇರಳದಿಂದ ಉತ್ತರಕ್ಕೆ ಬಂದಂಗೆ ಒಣ ತಿಂಗಳು ಜಾಸ್ತಿ, ಮರದ ಜಾತಿ ಕಮ್ಮಿ.

ಬೀಜದುಂಡೆ: ಅದು ಸರಿ, ಆದ್ರೆ ಅಷ್ಟೊಂದು ಜಾತಿ ಒಟ್ಟಿಗೆ ಬಾಳೋದು ಹೇಗೆ ಅನ್ನೋದಕ್ಕೆ 1970ರಲ್ಲಿ ಜಾನ್ಜೆನ್, 1971ರಲ್ಲಿ ಕಾನೆಲ್ ಅನ್ನೋ ಪರಿಸರ ವಿಜ್ಞಾನಿಗಳು ಕೊಟ್ಟ ವಿವರಣೆ ನಂಗೆ ತುಂಬಾ ಇಷ್ಟ. ತಾಯಿಮರದ ಬುಡದಲ್ಲಿ ಬೀಜ ರಾಶಿ ಬೀಳುತ್ತೆ, ಆದ್ರೆ ಆ ಜಾತಿಗೇ ಅಂಟಿಕೊಂಡ ಹುಳ, ಬೂಷ್ಟು ಅಲ್ಲೇ ಕಾದಿರುತ್ವೆ, ಎರಡೆಲೆ ಬಿಟ್ಟ ಮೊಳಕೆ ಬುಡ ಕೊಳೆತು ಮಕಾಡೆ ಬೀಳುತ್ತೆ. ಆ ಜಾಗ ಬೇರೆ ಜಾತಿ ಪಾಲು.

ಕಾಡುದಾರಿ: ಥ್ಯಾಂಕ್ಸ್ ಇಬ್ರಿಗೂ! ಮತ್ತೆ ಕಾಂಗೋದ ಇತುರಿ ಕಾಡಲ್ಲಿ ಗಿಲ್ಬರ್ಟಿಯೋಡೆಂಡ್ರಾನ್ ಅನ್ನೋ ಒಂದೇ ಮರ ಮೈಲಿಗಟ್ಟಲೆ ಹಬ್ಬಿರೋದು?

ಬೀಜದುಂಡೆ: ಅದರ ಬೀಜ ದಪ್ಪ, ಸಸಿ ಕಡುನೆರಳಲ್ಲೂ ಬದುಕುತ್ತೆ, ಬೇರಿಗೆ ಒಳ್ಳೇದು ಮಾಡೋ ಶಿಲೀಂಧ್ರದ ಸಹಾಯ ಬೇರೆ ಇದೆ, ಅದಕ್ಕೇ ತಾಯಿಮರದ ಕೆಳಗೂ ಸಸಿ ಉಳ್ಕೊಳುತ್ತೆ.