ಒಂದೇ ಮಹಡಿ, ಮೂರು ಬಾಗಿಲು, ಮೂರು ಲೆಕ್ಕ: ಲಂಡನ್‌ನಲ್ಲಿ ಹಳೇ ಕೌನ್ಸಿಲ್ ಫ್ಲಾಟ್ ತಗೊಳ್ಳಬಹುದಾ?

ಹಾಸನದವಳು:

ಎಲ್ಲರಿಗೂ ನಮಸ್ಕಾರ. ನಾನು ನರ್ಸ್, ಪೂರ್ವ ಲಂಡನ್‌ಗೆ ಬಂದು ನಾಲ್ಕು ವರ್ಷ. ನಾವಿರುವುದು 1960ರ ದಶಕದಲ್ಲಿ ಕೌನ್ಸಿಲ್ (ಇಲ್ಲಿಯ ನಗರಸಭೆ) ಬಾಡಿಗೆಗೆ ಕೊಡಲು ಕಟ್ಟಿಸಿದ ಕಟ್ಟಡದ ಮೂರನೇ ಮಹಡಿ. ಉದ್ದಕ್ಕೆ ತೆರೆದ ವರಾಂಡ, ಅದಕ್ಕೆ ಬಾಗಿಲುಗಳ ಸಾಲು.

ಎಡಗಡೆಯ ಅಜ್ಜಿ ಕೌನ್ಸಿಲ್ ಬಾಡಿಗೆಗೆ ಇದ್ದಾರೆ. ವಾರಕ್ಕೆ 130 ಪೌಂಡ್ ಹತ್ತಿರ ಕಟ್ಟುತ್ತಾರಂತೆ. ಬಲಗಡೆಯವರು ಬಾಡಿಗೆಗಿದ್ದ ಮನೆಯನ್ನೇ 1980ರ ದಶಕದಲ್ಲಿ ಕೊಂಡುಕೊಂಡವರು, ಅವರಿಗೆ ಬಾಡಿಗೆಯ ಚಿಂತೆಯೇ ಇಲ್ಲ. ನಡುವೆ ನಾವು, ತಿಂಗಳಿಗೆ 1,900 ಪೌಂಡ್. ಮೂರೂ ಮನೆಗೆ ಅವೇ ಎರಡು ಬೆಡ್‌ರೂಮು, ಸಿಂಕ್ ಮೇಲೆ ಅದೇ ಕಿಟಕಿ, ಬಚ್ಚಲಿನ ಅದೇ ಮೂಲೆಯಲ್ಲಿ ಅದೇ ಬೂಷ್ಟು.

ಜನವರಿಯಲ್ಲಿ ಅಜ್ಜಿಯ ಬಾಯ್ಲರ್ ಕೆಟ್ಟಿತು. ಎರಡನೇ ದಿನಕ್ಕೆ ಕೌನ್ಸಿಲ್‌ನಿಂದ ಬಂದು ರಿಪೇರಿ ಮಾಡಿದರು. ಮುಂದಿನ ವಾರ ನಮ್ಮದು ಕೆಟ್ಟಿತು. ಹನ್ನೊಂದು ದಿನ ಏಜೆಂಟ್ ಫೋನ್ ಎತ್ತಲಿಲ್ಲ. ಸಾರಿನ ಪಾತ್ರೆಯಲ್ಲಿ ನೀರು ಕಾಯಿಸಿ ಸ್ನಾನ ಮಾಡಿದೆವು, ಊರಿನ ಹಂಡೆ ನೆನಪಾಯಿತು. ಕೊನೆಗೆ ಅಜ್ಜಿಯೇ ಕರೆದು ಅವರ ಬಚ್ಚಲು ಬಿಟ್ಟುಕೊಟ್ಟರು. ಐದು ಪಟ್ಟು ರಗಳೆಗೆ ಮೂರುಪಟ್ಟು ಬಾಡಿಗೆ, ಇದ್ಯಾವ ನ್ಯಾಯ?

ಈಗ ಓನರ್ ಮನೆ ಮಾರುತ್ತಾರಂತೆ, ನಮ್ಮನ್ನೇ ಮೊದಲು ಕೇಳಿದ್ದಾರೆ. ನಮ್ಮವರಿಗೆ ತಗೊಳ್ಳುವ ಆಸೆ. ಸರ್ಕಾರದ ಮನೆ ಹೀಗೆ ಮೂರು ಥರ ಆಗಿದ್ದು ಹೇಗೆ? ಇಂಥದ್ದನ್ನು ತಗೊಳ್ಳಬಹುದಾ?

ಹಳೇ ಲಂಡನ್ನಿಗ:

ನೋಡಮ್ಮ, ಇದರಲ್ಲಿ ನನ್ನದೂ ಪಾಲಿದೆ. ಹೇಳಿಬಿಡ್ತೀನಿ.

ನನಗೆ ಕೌನ್ಸಿಲ್ ಫ್ಲಾಟ್ ಸಿಕ್ಕಿದ್ದು 1979ರಲ್ಲಿ. ಬಸ್ ಡಿಪೋದಲ್ಲಿ ಕೆಲಸ. ಆಗ ಇಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಕುಟುಂಬ ಕೌನ್ಸಿಲ್ ಮನೆಯಲ್ಲೇ ಇತ್ತು. ಅದರಲ್ಲಿರುವುದು ನಾಚಿಕೆಯ ವಿಷಯ ಆಗಿರಲಿಲ್ಲ. ನಮ್ಮ ಸಾಲಿನಲ್ಲಿ ಮೇಷ್ಟ್ರಿದ್ದರು, ಪೋಸ್ಟ್‌ಮ್ಯಾನ್ ಇದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರ ಕಾಯ್ದೆಯಿಂದ ಶುರುವಾದ ಕೆಲಸ ಇದು. 1950ರ ದಶಕದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಜಾಸ್ತಿ ಮನೆ ಕಟ್ಟಿದ್ದೂ ಉಂಟು.

1980ರಲ್ಲಿ ಥ್ಯಾಚರ್ ಸರ್ಕಾರ ಬಾಡಿಗೆದಾರರಿಗೆ ಮನೆ ಕೊಳ್ಳುವ ಹಕ್ಕು ಕೊಟ್ಟಿತು. ಎಷ್ಟು ವರ್ಷ ಇದ್ದೀರೋ ಅಷ್ಟು ರಿಯಾಯಿತಿ. ಮೊದಲು ಶೇ. 33ರಿಂದ 50ರವರೆಗೆ ಇತ್ತು. 1986ರಲ್ಲಿ ಫ್ಲಾಟ್‌ಗಳಿಗೆ ಶೇ. 70ರವರೆಗೂ ಏರಿಸಿದರು. ನಾನು 1987ರಲ್ಲಿ ಅರ್ಜಿ ಹಾಕಿದೆ. ಎಂಟು ವರ್ಷ ಆಗಿತ್ತಲ್ಲ, ಶೇ. 56 ರಿಯಾಯಿತಿ. 40,000 ಪೌಂಡ್ ಬೆಲೆ ಕಟ್ಟಿದ ಮನೆ 17,600ಕ್ಕೆ ಬಂತು. ಬಾಗಿಲಿಗೆ ಕೆಂಪು ಬಣ್ಣ ಹೊಡೆದೆ, ಕೌನ್ಸಿಲ್ ಹಸಿರು ಕಂಡು ಕಂಡು ಸಾಕಾಗಿತ್ತು. ಎರಡು ವರ್ಷಕ್ಕೆ ಬಡ್ಡಿ ಶೇ. 15ರ ಹತ್ತಿರ ಹೋಯಿತು, ಆ ಕೆಂಪು ಬಾಗಿಲು ನೋಡಿದರೆ ಅಳು ಬರುತ್ತಿತ್ತು. ಅದು ಬೇರೆ ಕಥೆ.

ನಮ್ಮಂಥವರಿಗೆ ಮನೆ ಕೊಟ್ಟಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಹಂಗೆ ಹೇಳಿದರೆ ಉಂಡ ಮನೆ ಜಂತೆ ಎಣಿಸಿದ ಹಾಗೆ. ಆದರೆ ಮಾರಿದ್ದರ ಜಾಗಕ್ಕೆ ಕಟ್ಟಬೇಕಿತ್ತಲ್ವಾ? 1990ರಿಂದ ಮಾರಾಟದ ಹಣದಲ್ಲಿ ಮುಕ್ಕಾಲು ಪಾಲು ಹಳೇ ಸಾಲಕ್ಕೇ ಎತ್ತಿಡಬೇಕು ಅಂತ ಕೌನ್ಸಿಲ್‌ಗಳಿಗೆ ಕಟ್ಟುಪಾಡು ಹಾಕಿದರು. ಆ ದಶಕದ ಕೊನೆಗೆ ಎಲ್ಲ ಕೌನ್ಸಿಲ್ ಸೇರಿ ವರ್ಷಕ್ಕೆ ಕಟ್ಟುತ್ತಿದ್ದುದು ಕೆಲವೇ ನೂರು ಮನೆ. ಅಷ್ಟರಲ್ಲಿ 1988ರ ಕಾಯ್ದೆ ಬಂದು ಖಾಸಗಿ ಮನೆಗಳ ಹೊಸ ಬಾಡಿಗೆ ಮೇಲಿದ್ದ ಹಿಡಿತವನ್ನೂ ಬಿಟ್ಟಿತು. ಮೊದಲು ಸರ್ಕಾರದ ದುಡ್ಡು ಇಟ್ಟಿಗೆಗೆ ಹೋಗುತ್ತಿತ್ತು. ಆಮೇಲೆ ಬಡವರ ಬಾಡಿಗೆ ಭತ್ಯೆಯಾಗಿ ಓನರ್‌ಗಳ ಜೇಬಿಗೆ ಹೋಗತೊಡಗಿತು. ನಿಮ್ಮ ನಡುವಿನ ಬಾಗಿಲು ಹುಟ್ಟಿದ್ದು ಹೀಗೆ.

ನಾನು 2003ರಲ್ಲಿ ಮಾರಿದೆ. ತಗೊಂಡವರಿಗೆ ಅದೇ ಬ್ಲಾಕಲ್ಲಿ ಇನ್ನೂ ನಾಲ್ಕು ಫ್ಲಾಟಿದ್ದವು. ಈಗ ಅದರಲ್ಲಿರುವುದು ಸೂರಿಲ್ಲದ ಒಂದು ಸಂಸಾರ. ಅವರನ್ನು ಇರಿಸಲು ಓನರ್‌ಗೆ ಮಾರ್ಕೆಟ್ ಬಾಡಿಗೆ ಕೊಡುತ್ತಿರುವುದು ಯಾರು ಗೊತ್ತಾ? ನನಗೆ 17,600ಕ್ಕೆ ಮಾರಿದ ಅದೇ ಕೌನ್ಸಿಲ್. ಹಳೇ ನೆರೆಮನೆಯವರು ಹೇಳಿದಾಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಎಲ್‌ಐಜಿ ಮಗ:

ಮೈಸೂರಿನಿಂದ. ನಾನು ಬೆಳೆದದ್ದು ಹೌಸಿಂಗ್ ಬೋರ್ಡಿನ ಎಲ್‌ಐಜಿ ಮನೆಯಲ್ಲಿ. ಅಪ್ಪ ಕಂತು ಕಟ್ಟಿ ಮುಗಿಸಿದ ದಿನ ಪಾಯಸ ಮಾಡಿದ್ದರು. ನಮ್ಮಲ್ಲಿ ಬೋರ್ಡು ಮನೆ ಕಟ್ಟಿದ್ದೇ ಮಾರುವುದಕ್ಕೆ. ಕ್ವಾರ್ಟರ್ಸ್ ಬಿಟ್ಟರೆ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಮನೆ ಓನರ್ ಆಗಿದ್ದೇ ಕಮ್ಮಿ. ಹಾಗಾಗಿ ಅಲ್ಲಿಯ ಹಾಗೆ ಕೈತಪ್ಪಿ ಹೋಯಿತು ಅನ್ನುವ ಸಂಕಟ ನಮಗೆ ಗೊತ್ತೇ ಆಗಲಿಲ್ಲ. ಇಂಗ್ಲೆಂಡಿನಲ್ಲಿ ಆ ಮಾರಾಟ ಇನ್ನೂ ನಡೀತಿದೆಯಾ ಸರ್?

ಹಳೇ ಲಂಡನ್ನಿಗ:

ಇಂಗ್ಲೆಂಡಿನಲ್ಲಿ ಇದೆ, ಹೆಸರಿಗೆ. 1980ರಿಂದ ಸುಮಾರು 20 ಲಕ್ಷ ಮನೆ ಹೋಗಿವೆ. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ನಿಲ್ಲಿಸಿಬಿಟ್ಟವು. ಇಲ್ಲಿ 2024ರ ನವೆಂಬರಿನಲ್ಲಿ ರಿಯಾಯಿತಿ ಕಡಿದರು. ಲಂಡನ್‌ನ ಹೆಚ್ಚಿನ ಕಡೆ ಈಗ 16,000 ಪೌಂಡೇ ಗರಿಷ್ಠ. ಲಂಡನ್ ಬೆಲೆಗೆ ಅದು ಕೊಸರು.

ಲೀಸ್ ಸಂತ್ರಸ್ತ:

ಇತಿಹಾಸ ಆಯಿತು, ಈಗ ಮನೆ ವಿಷಯಕ್ಕೆ ಬರೋಣ. ನಾನು ಇಂಥದ್ದೇ ಫ್ಲಾಟ್ ತಗೊಂಡು ಕೈ ಸುಟ್ಟುಕೊಂಡವನು.

ನೀವು ಕೊಳ್ಳುವುದು ಗೋಡೆಯಲ್ಲ, ಲೀಸು, ಅಂದರೆ ಇಂತಿಷ್ಟು ವರ್ಷ ಅಂತ ಇರುವ ಹಕ್ಕು. ಕಟ್ಟಡ ಈಗಲೂ ಕೌನ್ಸಿಲ್‌ದೇ. ಇಂಥವಕ್ಕೆ ಸಾಮಾನ್ಯವಾಗಿ 125 ವರ್ಷದ ಲೀಸ್. 1987ರಲ್ಲಿ ಬರೆದಿದ್ದರೆ ಈಗ ಉಳಿದಿರುವುದು 90ಕ್ಕಿಂತ ಕಮ್ಮಿ. 80ರ ಕೆಳಗೆ ಇಳಿದರೆ ವಿಸ್ತರಿಸುವ ಖರ್ಚು ಏರುತ್ತದೆ. ಮೊದಲು ಅದನ್ನು ನೋಡಿ. ವರಾಂಡದಿಂದ ಒಳಗೆ ಹೋಗುವ ಫ್ಲಾಟ್ ಅಂದರೆ ಕೆಲವು ಬ್ಯಾಂಕ್‌ಗಳು ಸಾಲ ಕೊಡಲು ಮೂಗು ಮುರಿಯುತ್ತವೆ. ಅದನ್ನೂ ಮುಂಚೆಯೇ ಕೇಳಿ.

ನಿಜವಾದ ಹೊಡೆತ ರಿಪೇರಿಯದು. ಚಾವಣಿ, ಲಿಫ್ಟ್, ಕಿಟಕಿ ಏನೇ ಮಾಡಿಸಿದರೂ ಖರ್ಚಿನಲ್ಲಿ ನಮ್ಮ ಪಾಲು ನಾವೇ ಕೊಡಬೇಕು. ಅಜ್ಜಿಯ ಹಾಗೆ ಬಾಡಿಗೆಗಿರುವವರಿಗೆ ಆ ಬಿಲ್ ಬರುವುದಿಲ್ಲ. ನಾನು ಸೇರಿಕೊಂಡ ಹದಿನಾಲ್ಕನೇ ತಿಂಗಳಿಗೆ 22,000 ಪೌಂಡ್ ಬಿಲ್ ಬಂತು. ಮಗಳ ಹುಟ್ಟುಹಬ್ಬದ ಕಾರ್ಡುಗಳ ಜೊತೆ ಬಿದ್ದಿತ್ತು, ಅದೂ ಕಾರ್ಡೇ ಅಂದುಕೊಂಡು ಅವಳೇ ಒಡೆದಳು. ಒಬ್ಬರ ಪಾಲು 250 ಪೌಂಡ್ ದಾಟುವುದಾದರೆ ಮೊದಲೇ ನೋಟಿಸ್ ಕೊಡಲೇಬೇಕು. ಅದಕ್ಕೆ ಸೆಕ್ಷನ್ 20 ಅಂತಾರೆ. ಇಂಥ ನೋಟಿಸ್ ಏನಾದರೂ ಬಂದಿದೆಯಾ ಅಂತ ನಿಮ್ಮ ಸಾಲಿಸಿಟರ್ ಬರವಣಿಗೆಯಲ್ಲೇ ಕೇಳಲಿ. ಓನರ್ ಈಗಲೇ ಯಾಕೆ ಮಾರುತ್ತಿದ್ದಾರೆ ಅಂತಲೂ ಸ್ವಲ್ಪ ಯೋಚಿಸಿ.

ಹಾಸನದವಳು:

ಎಲ್ಲರಿಗೂ ಥ್ಯಾಂಕ್ಸ್. ಸರ್, ನಿಮ್ಮ ಕೆಂಪು ಬಾಗಿಲಿನ ಕಥೆ ನಮ್ಮವರಿಗೂ ಓದಿ ಹೇಳಿದೆ.

ನೈಟ್ ಡ್ಯೂಟಿ ಮುಗಿಸಿ ಬರುವಾಗ ಲಿಫ್ಟ್ ಪಕ್ಕದ ಬೋರ್ಡ್ ನೋಡಿದೆ. ಎರಡು ವಾರದಿಂದ ಒಂದು ಕಾಗದ ಅಂಟಿಸಿದ್ದರು, ದಿನಾ ಅದರ ಮುಂದೆಯೇ ಓಡಾಡಿದ್ದೇನೆ. ಮೇಲೆ ದಪ್ಪಕ್ಷರದಲ್ಲಿ ಸೆಕ್ಷನ್ 20 ಅಂತಲೇ ಇದೆ. ಕೆಳಗೆ ಚಾವಣಿ ಮತ್ತು ಕಿಟಕಿ. ಫೋಟೋ ತೆಗೆದು ಏಜೆಂಟ್‌ಗೆ ಕಳಿಸಿದ್ದೇನೆ. ಈ ಸಲ ಹತ್ತೇ ನಿಮಿಷಕ್ಕೆ ಅವರೇ ಫೋನ್ ಮಾಡಿದರು.